ಮೂರನೇ ಮಹಡಿಯ ಬೇವು

ಮತ್ತಿಕೆರೆಯ ಈ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ,
ಅದಕ್ಕೇ ಬಾಡಿಗೆ ನಮ್ಮ ಕೈಗೆ ಎಟುಕಿದ್ದು.
ಐವತ್ತೆಂಟು ಮೆಟ್ಟಿಲು. ಮೊದಲ ವಾರ ನಾವು ಎಣಿಸಿದೆವು,
ಆಮೇಲೆ ಮೊಣಕಾಲೇ ಎಣಿಸತೊಡಗಿತು.
ಎರಡು ಕೋಣೆ, ನಾಲ್ಕು ಜನ, ಒಂದು ಬಚ್ಚಲು,
ಸೀಟಿ ಹಾಕಲೋ ಬೇಡವೋ ಎಂದು ಯೋಚಿಸುವ ಕುಕ್ಕರು.

ಅಗ್ರಿಮೆಂಟಿನಲ್ಲಿ ಬಾಲ್ಕನಿ ಎಂದು ಬರೆದದ್ದು
ಒಬ್ಬರು ನಿಂತು ಬಟ್ಟೆ ಹಿಂಡುವಷ್ಟು ಜಾಗ.
ಅಲ್ಲಿಗೂ ಒಂದು ಬೇವಿನ ಕೊಂಬೆ ಬಂದು ಸೇರಿದೆ,
ಮುಂಗಡ ಕೊಡದೆ, ಆಧಾರ್ ತೋರಿಸದೆ.

ಮಾರ್ಚ್ ಬಂತು. ಕಾಲೇಜಿನ ದಾರಿಯಲ್ಲಿ
ಹೆಸರು ನಾಲಿಗೆಗೆ ಹೊರಳದ ಆ ಗುಲಾಬಿ ಮರಗಳು,
ಉದುರಿದ ಹೂವಿಗೆ ಸ್ಕೂಟಿಗಳ ಸೀಟೇ ಕಾಣದು.
ಕೆಳಗೆ ನಿಂತವರಿಗೆ ರೀಲ್ಸ್, ದಾಟಿದವರಿಗೆ ಇಂಟರ್ನಲ್ಸ್.
ನೀಲಾಂಬಿಕೆ ಫೆಸ್ಟಿಗೆಂದು ಡೊಳ್ಳು ಕಲಿಯುತ್ತಾಳೆ,
ಡೊಳ್ಳು ಕಾಲೇಜಿನಲ್ಲಿ, ಮನೆಯಲ್ಲಿ ಬರೀ ದಿಂಬಿನ ಮೇಲೆ,
ಆದರೂ ಕೆಳಗಿನವರಿಗೆ ಕೇಳಿಸುತ್ತದಂತೆ.
ಸೆಲಿನ್ ಥರ್ಮಾಕೋಲಿನಲ್ಲಿ ಸೇತುವೆ ಕಟ್ಟಿದ್ದಾಳೆ,
ಅದನ್ನು ದಾಟಿಯೇ ನಾವು ಬಚ್ಚಲಿಗೆ ಹೋಗಬೇಕು.

ನೀರು ದಿನ ಬಿಟ್ಟು ದಿನ, ಬೆಳಗಿನ ಜಾವ ನಾಲ್ಕಕ್ಕೆ.
ಈ ತಿಂಗಳು ಮಾತ್ರ ನಮಗದರ ಚಿಂತೆಯಿಲ್ಲ.
ಮೆಹಜಬೀನ್ ರೋಜಾ ಹಿಡಿದಿದ್ದಾಳೆ,
ಸಹ್ರಿಗೆಂದು ಅವಳಿಟ್ಟ ಅಲಾರಮ್ಮಿಗೆ
ನಲ್ಲಿಯೂ ಎದ್ದು ಕೆಮ್ಮುತ್ತದೆ.
ಒಂದು ಕೈಯಲ್ಲಿ ಚಪಾತಿ, ಇನ್ನೊಂದರಲ್ಲಿ ಪೈಪು,
ಬೀದರಿನ ಹುಡುಗಿ ನಮ್ಮ ಬಕೆಟ್ಟೆಲ್ಲ ತುಂಬಿಸಿ ಮಲಗುತ್ತಾಳೆ.
ನಾವು ನಿದ್ದೆಯಲ್ಲೇ ಪುಣ್ಯವಂತರು.

ಕೆಳಗೆ ನೋಟೀಸ್ ಬೋರ್ಡು:
ಬ್ಯಾಚುಲರ್ಸ್ ಒಂಬತ್ತರ ಮೇಲೆ ಟೆರೇಸಿಗೆ ಹೋಗತಕ್ಕದ್ದಲ್ಲ.
ಕಂಬಿಯ ಮೇಲೆ ಬಟ್ಟೆ ಹರವತಕ್ಕದ್ದಲ್ಲ.
ಸಹಿ, ಗಿರಿಜಾಂಬ, ಕಾರ್ಯದರ್ಶಿ.
ಬ್ಯಾಚುಲರ್ಸ್ ಅಂದರೆ ನಾವೇ ಎಂದು ತಿಳಿಯಲು
ನಮಗೆ ಒಂದು ಇಡೀ ದಿನ ಹಿಡಿಯಿತು.

ಯುಗಾದಿಯ ಬೆಳಿಗ್ಗೆ ಬೆಲ್ಲು.
ತೆರೆದರೆ ಗಿರಿಜಾಂಬ, ಏದುಸಿರು,
ಎಣ್ಣೆ ಹಚ್ಚಿದ ತಲೆ, ಕೈಯಲ್ಲಿ ಖಾಲಿ ಸ್ಟೀಲ್ ತಟ್ಟೆ.
ಡೊಳ್ಳೋ, ಬಟ್ಟೆಯೋ, ನಿನ್ನೆ ರಾತ್ರಿಯ ನಗುವೋ,
ಎಲ್ಲ ತಪ್ಪೂ ಒಟ್ಟಿಗೆ ನೆನಪಾಗಿ
"ಸಾರಿ ಆಂಟಿ" ಅಂದೆ.
ಅವರು ಸೆರಗಿನಲ್ಲಿ ಕತ್ತು ಒರೆಸಿಕೊಂಡು,
"ಕೆಳಗಿನದೆಲ್ಲ ಯಾರೋ ತರಿದುಕೊಂಡು ಹೋಗಿದಾರಮ್ಮ,
ಮಾರ್ಕೆಟ್ಟಲ್ಲಿ ಹಿಡಿಗೆ ಇಪ್ಪತ್ತು ರೂಪಾಯಿ.
ನಿಮ್ಮಲ್ಲಿ ಹೂವಿದೆಯಲ್ಲ?"

ಇತ್ತು. ನಾವೇ ನೋಡಿರಲಿಲ್ಲ.
ಟವೆಲುಗಳ ಹಿಂದೆ, ಅಕ್ಕಿ ನುಚ್ಚಿನಂಥ ಬಿಳುಪು,
ಮೂಸಿದರೆ ಜೇನು, ಕಚ್ಚಿದರೆ ಬೇವೇ.
ಆ ಬಾಲ್ಕನಿಯಲ್ಲಿ ಅಂದು ಮೊದಲ ಸಲ ನಾಲ್ವರೂ ಹಿಡಿಸಿದೆವು,
ಐದನೆಯವರಾಗಿ ಅವರೂ.
ಬೇಕಾದ್ದಕ್ಕಿಂತ ಹೆಚ್ಚೇ ಕಿತ್ತರು.
ಹೋಗುವಾಗ ಕಂಬಿಯತ್ತ ಕಣ್ಣು ಹಾಯಿಸಿ
"ಬಟ್ಟೆ ಒಳಗೆ ಹಾಕ್ಕೊಳ್ಳಿ" ಅಂದರು.
ಹಬ್ಬವೆಂದು ಕಾನೂನು ಬದಲಾದೀತೆ.

ಮಧ್ಯಾಹ್ನ ವಾಚ್‌ಮನ್ ಭೀಮಪ್ಪನ ಕೈಲಿ ಒಂದು ಡಬ್ಬಿ.
ಹೋಳಿಗೆ. ಮೂರು.
ಅವರು ಲೆಕ್ಕ ತಪ್ಪಿದರೋ,
ಮೆಹಜಬೀನಳ ಉಪವಾಸ ನೆನೆದೇ ಕಳಿಸಿದರೋ,
ಅವಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲವೋ,
ಯಾರೂ ಬಾಯಿಬಿಟ್ಟು ಕೇಳಲಿಲ್ಲ.
ಹಸಿವಾಗಿತ್ತು. ಡಬ್ಬಿಯ ಮುಚ್ಚಳ ಒತ್ತಿ
ಫ್ರಿಜ್ಜಿನ ಮೇಲಿಟ್ಟೆವು.

ಸಂಜೆ ಆರೂವರೆ ದಾಟಿ,
ದೂರದ ಮಸೀದಿಯ ದನಿ
ನೀರಿನ ಟ್ಯಾಂಕರಿನ ಹಾರ್ನಿನ ನಡುವೆ ನುಸುಳಿ ಬಂದಾಗ
ಅವಳು ಖರ್ಜೂರ ಕಚ್ಚಿದಳು, ನೀರು ಕುಡಿದಳು,
ಬೇವು ಬೆಲ್ಲದ ಬಟ್ಟಲಿಗೆ ಬೆರಳದ್ದಿ ಮುಖ ಕಿವುಚಿದಳು.
ಮೂರು ಹೋಳಿಗೆ ಒಂದರ ಮೇಲೊಂದಿಟ್ಟು
ರೊಟ್ಟಿ ಹರಿದಂತೆ ಹರಿದಳು. ನಾಲ್ಕು ಪಾಲು,
ಒಂದೂ ಸಮವಲ್ಲ.
"ಇದೇನು ಅಳತೆ" ಎಂದು ಸೆಲಿನ್ ಸ್ಕೇಲ್ ತಂದಳು,
ನೀಲಾಂಬಿಕೆ ಅಷ್ಟರಲ್ಲಿ ದೊಡ್ಡದನ್ನು ನುಂಗಿದ್ದಳು.

ಟವೆಲುಗಳನ್ನು ಮಾತ್ರ ಒಳಗೆ ತರಲು ಮರೆತೆವು.
ರಾತ್ರಿಯಿಡೀ ಅವುಗಳ ಮೇಲೆ ಹೂವು ಉದುರಿರಬೇಕು:
ಬೆಳಿಗ್ಗೆ ಮುಖ ಒರೆಸಿಕೊಂಡಾಗ
ತುಟಿಗೆ ಒಂದಿಷ್ಟು ಕಹಿ.